ಬೋರಲು ಬಟ್ಟಲು

ನಾನು ಜನ್ಮದಲ್ಲಿ ಗರಡಿಮನೆಯ ಹೊಸ್ತಿಲು ತುಳಿದವಳಲ್ಲ. ಆದರೂ ಕೂತಲ್ಲಿಂದ ಏಳುವಾಗ ಬಲಗೈಯಿಂದ ತೊಡೆಯನ್ನು ಚಟಾರನೆ ತಟ್ಟಿಯೇ ಏಳುತ್ತೇನೆ. ನನ್ನ ಖಾನಾವಳಿಗೆ ಹೊಸದಾಗಿ ಬಂದ ಪರವೂರಿನವರು, ಸಾರು ಬಡಿಸಲು ಎದ್ದವಳನ್ನು ಜಗಳಕ್ಕೆ ಎದ್ದವಳೆಂದು ತಿಳಿದು ತಟ್ಟೆ ಸಮೇತ ಹಿಂದೆ ಸರಿಯುತ್ತಾರೆ. ನಮ್ಮೂರಿನವರು ಮಾತ್ರ ನಗುವುದಿಲ್ಲ. ಅದು ಪೈಲ್ವಾನ ಹುಲಿಗೆಪ್ಪನದು ಎಂದು ಅವರಿಗೆ ಗೊತ್ತು. ಅವನು ಸತ್ತ ವಾರದಲ್ಲೇ ಅದು ನನಗೆ ಹತ್ತಿತು.

ನಮ್ಮೂರಲ್ಲಿ ಹಾಗೆ. ಒಬ್ಬರು ಹೋದರೆ ಅವರ ರೂಢಿಯೊಂದು ಹಿಂದೆ ಉಳಿದು ಇನ್ಯಾರಿಗೋ ಹತ್ತುತ್ತದೆ. ಯಾರಿಗೆ ಹತ್ತಬೇಕೆಂದು ಯಾರೂ ಹೇಳಲಾರರು, ಮನೆಯವರಿಗಂತೂ ಹತ್ತುವುದಿಲ್ಲ. ಅದಕ್ಕೇ ಸತ್ತವರ ಊಟದ ತಟ್ಟೆಯನ್ನು ತೊಳೆದು ಅಡುಗೆಮನೆಯ ಮೂಲೆಯಲ್ಲಿ ಬೋರಲು ಹಾಕುತ್ತಾರೆ. ಮನೆಯವರು ತಮ್ಮವರ ಯಾವ ರೂಢಿಗಾಗಿ ಕಾಯುತ್ತಿದ್ದಾರೆಂದು ಹೊರಗೆ ಬಾಯಿ ಬಿಡುವಂತಿಲ್ಲ. ಬಿಟ್ಟರೆ ಪುಕ್ಕಟೆ ಊಟಕ್ಕೆ ನಟಿಸುವವರು ಸಾಲು ನಿಲ್ಲುತ್ತಾರಲ್ಲ! ಹತ್ತಿದವರು ಕಣ್ಣಿಗೆ ಬಿದ್ದ ದಿನ ಅವರನ್ನು ಕೈಹಿಡಿದು ಕರೆತಂದು, ಮಣೆಯ ಮೇಲೆ ಕೂರಿಸಿ, ಆ ತಟ್ಟೆಯನ್ನು ಮೇಲಾಗಿಸಿ ಅದರಲ್ಲೇ ಬಡಿಸುತ್ತಾರೆ. ಅದನ್ನೇ ನಾವು ಸಂಸ್ಕಾರ ಎನ್ನುವುದು. ಅದಾದ ಮೇಲೆಯೇ ಸತ್ತವರು ಸರಿಯಾಗಿ ಹೋದರು ಎಂದು ಲೆಕ್ಕ. ಯುಗಾದಿಯವರೆಗೂ ಯಾರೂ ಸಿಗದಿದ್ದರೆ ಹಬ್ಬದ ಬೆಳಗ್ಗೆ ತಟ್ಟೆಯನ್ನು ಹೊಳೆಗೆ ಬಿಡಬೇಕು. ಅಂಥವರು ಬಂದೇ ಇರಲಿಲ್ಲ ಎಂಬಂತೆ ಊರು ಸುಮ್ಮನಾಗುತ್ತದೆ.

ಹುಲಿಗೆಪ್ಪನ ಹೆಂಡತಿ ಯಂಕವ್ವ ನನ್ನನ್ನು ಗುರುತಿಸಿದ್ದು ನಾನು ಹಿಟ್ಟಿನ ಡಬ್ಬಿ ತರಲು ಎದ್ದಾಗ. ಕೈಯಲ್ಲಿದ್ದ ರೊಟ್ಟಿ ಬಿಟ್ಟು ಹೋ ಎಂದು ಅತ್ತಳು, ನನಗೂ ಅಳು ಬಂತು, ಗಿರಾಕಿಗಳ ಊಟ ಆರಿತು. ಈಗಲೂ ಆಗಾಗ ಬರುತ್ತಾಳೆ. "ಕಾಶವ್ವಾ, ಒಂದೀಟು ಮಜ್ಜಿಗಿ ತಾ," "ಕಾಶವ್ವಾ, ಉಪ್ಪು ತಾ," ಎಂದು ನನ್ನನ್ನು ಏಳಿಸುತ್ತಲೇ ಇರುತ್ತಾಳೆ. ಉಪ್ಪು ಅವಳ ಮುಂದೆಯೇ ಇರುತ್ತದೆ. ಈಚೆಗೆ ಒಮ್ಮೊಮ್ಮೆ ನಾನು ತಟ್ಟದೆಯೇ ಎದ್ದುಬಿಡುತ್ತೇನೆ. ಹತ್ತಿದ್ದು ಸವೆಯುತ್ತದೆ, ಅದೂ ನಮಗೆ ಗೊತ್ತಿದ್ದದ್ದೇ. ಯಂಕವ್ವ ಕೂತಿದ್ದರೆ ಮಾತ್ರ ನೆನಪಿಟ್ಟುಕೊಂಡು ತಟ್ಟುತ್ತೇನೆ. ನನ್ನದೇನು ಗಂಟು ಹೋಗುತ್ತದೆ?

ನನ್ನ ಪಕ್ಕದ ಮನೆ ಬಾಳವ್ವನದು. ಗಂಡ ಫಕೀರಪ್ಪ ಸುಣ್ಣದ ಭಟ್ಟಿಯಲ್ಲಿ ಕಲ್ಲು ಸುಡುವವನು. ಸಂಜೆ ಮನೆಗೆ ಬಂದರೆ ಹುಬ್ಬಿನವರೆಗೂ ಬಿಳಿ. ಮದುವೆಯಾಗಿ ಎಷ್ಟೋ ವರ್ಷಕ್ಕೆ ಅವರಿಗೊಂದು ಹೆಣ್ಣು ಕೂಸು ಹುಟ್ಟಿತು. ಬಕುಳಿ ಎಂದು ಹೆಸರಿಟ್ಟರು. ಅನ್ನಪ್ರಾಶನದ ದಿನ ಮೊದಲ ತುತ್ತು ಯಾರು ಕೊಡಬೇಕೆಂಬ ಮಾತು ಬಂತು. ಬಾಳವ್ವನಿಗೆ ತವರಿಲ್ಲ, ಕೂಸಿಗೆ ಸೋದರಮಾವ ಇಲ್ಲ. ನಾನೇ ಬಾಯಿ ಹಾಕಿ, "ಶಾಸ್ತ್ರಿಗಳು ಕೊಡಲಿ ಬಿಡ್ರಿ, ಹೆಂಗೂ ಮುಂದ ಕುಂತಾರ," ಎಂದೆ.

ನರಹರಿ ಶಾಸ್ತ್ರಿಗಳು ನಮ್ಮೂರಿಗೆಲ್ಲ ಒಬ್ಬರೇ ಶಾಸ್ತ್ರ ಹೇಳುವವರು. ಹೆಂಡತಿ ತೀರಿಕೊಂಡ ಮೇಲೆ ತಾವೇ ಮಡಿಯಲ್ಲಿ ಬೇಯಿಸಿಕೊಂಡು ಒಬ್ಬರೇ ಉಣ್ಣುವವರು. ಇನ್ನೊಬ್ಬರ ನೆರಳು ಎಲೆಯ ಮೇಲೆ ಬಿದ್ದರೂ ಎದ್ದುಬಿಡುತ್ತಿದ್ದರು. ಅಂಥವರು ಅವತ್ತು ಎರಡು ಬೆರಳ ತುದಿಯಲ್ಲಿ ಪಾಯಸ ತೆಗೆದು ಕೂಸಿನ ಬಾಯಿಗೆ ಇಟ್ಟರು. ಬಕುಳಿ ಚಪ್ಪರಿಸಿತು. ಆಮೇಲೆ ಬಟ್ಟಲಿಗೇ ಕೈ ಹಾಕಿ, ಮುಷ್ಟಿಯಲ್ಲಿ ಪಾಯಸ ಹಿಡಿದು, ಕೊಟ್ಟವರ ಬಾಯಿಗೇ ಒಡ್ಡಿತು. ಜೊಲ್ಲು, ಪಾಯಸ, ತುಪ್ಪ ಎಲ್ಲಾ ಸೇರಿ ಮೊಣಕೈವರೆಗೆ ಸುರಿಯುತ್ತಿತ್ತು. ಶಾಸ್ತ್ರಿಗಳು ಮುಖ ಹಿಂದಕ್ಕೆಳೆದು, "ಥೂ ಥೂ, ಎಂಜಲಾತು, ಎಂಜಲಾತು!" ಎಂದು ಧೋತರ ಎತ್ತಿಕೊಂಡು ಬಾವಿಯ ಕಡೆ ಓಡಿದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕೂಸು ಮಾತ್ರ ಮುಷ್ಟಿ ಮುಂದೆ ಚಾಚಿಕೊಂಡು ಹಾಗೇ ಕೂತಿತ್ತು.

ಆ ಬಕುಳಿ ಮೂರು ತುಂಬುವ ಮೊದಲೇ ಜ್ವರ ಬಂದು ಹೋಯಿತು, ಸಂಕ್ರಾಂತಿ ಕಳೆದ ಹೊಸತರಲ್ಲಿ. ಅದನ್ನು ಹೆಚ್ಚು ಬರೆಯಲು ನನ್ನಿಂದಾಗದು. ಫಕೀರಪ್ಪ ಕೂಸನ್ನು ಎದೆಗೆ ಅವುಚಿಕೊಂಡು ಹೊರಟಾಗ ಅವನ ಅಂಗಿಯ ಸುಣ್ಣ ಅದರ ಕೆನ್ನೆಗೆ ಹತ್ತಿತ್ತು. ಬಾಳವ್ವ ಹಿಂದೆ ಓಡಿಹೋಗಿ ಸೆರಗಿನಿಂದ ಒರೆಸಿದಳು.

ಮೂರನೆಯ ದಿನ ನಾನು ಗಂಜಿ ತೆಗೆದುಕೊಂಡು ಹೋದಾಗ ಶಾಸ್ತ್ರಿಗಳು ಬಾಳವ್ವನ ಅಂಗಳದಲ್ಲಿ ನಿಂತಿದ್ದರು. ಒಳಗೆ ಮೂಲೆಯಲ್ಲಿ ಕೂಸಿನ ಪುಟ್ಟ ತಾಮ್ರದ ಬಟ್ಟಲು ಬೋರಲಾಗಿತ್ತು.

"ಬಾಳವ್ವಾ, ಇದು ಪದ್ಧತಿ ಅಲ್ಲ," ಎಂದರು ಶಾಸ್ತ್ರಿಗಳು. "ಸಂಸ್ಕಾರ ಅಂದ್ರ ಏನು? ಹುಟ್ಟಿದ್ದು ಬರೇ ತಾಮ್ರ. ಅದನ್ನ ತಿಕ್ಕಿ ತಿಕ್ಕಿ ಬೆಳಗೋದು ಸಂಸ್ಕಾರ. ನಾಮಕರಣ, ಅನ್ನಪ್ರಾಶನ ಅಂತ ಎರಡು ಸಲ ಕೈ ಆಡಸೋದರೊಳಗ ಹ್ವಾದ ಕೂಸಿನ ಮ್ಯಾಲೆ ಏನು ಕೂತಿರ್ತದ? ಹತ್ತಲಿಕ್ಕೆ ಏನೂ ಇರೂದಿಲ್ಲ. ಸಣ್ಣ ಕೂಸಿಗೆ ಬಟ್ಟಲಾ ಬೋರಲ ಹಾಕೋ ಹಾಂಗಿಲ್ಲ. ಯಾರಿಗಾದ್ರೂ ಕೊಟ್ಟುಬಿಡು."

ಬಾಳವ್ವ ತಲೆ ಎತ್ತಲಿಲ್ಲ. "ಇತ್ತರಿ," ಎಂದಳು.

"ಏನು ಇತ್ತು?"

"ಒಂದು ರೂಢಿ ಇತ್ತರಿ ಆಕೀಗೆ. ನಾ ಹೇಳೂದಿಲ್ಲ. ಹೇಳಬಾರದಲ್ಲ?"

ನಾನು ಶಾಸ್ತ್ರಿಗಳ ಮೇಲೆ ರೇಗಿ, "ಅಲ್ರೀ, ಬಟ್ಟಲ ಅಕೀದು, ಮೂಲಿ ಅಕೀದು. ನಿಮಗೇನ್ ತ್ರಾಸು?" ಎಂದೆ. ಅವರು ಯುಗಾದಿಗೆ ಹೇಗೂ ಹೊಳೆಗೆ ಹೋಗುವುದೇ ಎಂದು ಗೊಣಗಿಕೊಂಡು ನಡೆದರು. ಕೆಟ್ಟ ಮನುಷ್ಯನಲ್ಲ. ಓದಿದ್ದನ್ನು ಹೇಳಿಯೇ ತೀರಬೇಕೆನ್ನುವ ಜಾತಿ.

ಗುಡ್ಡದ ಮೇಲಿನ ಬೌದ್ಧ ವಿಹಾರದ ಸುಮನ ಭಂತೆ ದಿನವೂ ಬೆಳಗ್ಗೆ ಭಿಕ್ಷಾಪಾತ್ರೆ ಹಿಡಿದು ನಮ್ಮ ಓಣಿಗೆ ಬರುತ್ತಾರೆ. ಬೋಳುತಲೆ, ಕಾಷಾಯ ವಸ್ತ್ರ. ಮೊದಲು ಅವರೂ ಭಟ್ಟಿಯ ಆಳೇ ಆಗಿದ್ದರಿಂದ ಮಾತು ನಮ್ಮಂತೆಯೇ. ಒಂದು ದಿನ ಬಾಳವ್ವ ಅವರಿಗೆ ಅನ್ನ ನೀಡುತ್ತಾ ಕೇಳಿಯೇಬಿಟ್ಟಳು: "ಭಂತೇ, ಅಷ್ಟ ಸಣ್ಣ ಕೂಸಿಂದು ಏನೂ ಉಳಿಯೂದಿಲ್ಲೇನ್ರಿ?"

ಭಂತೆ ಬೀದಿಯ ಕಡೆ ನೋಡಿದರು. ಸುಣ್ಣದ ಗಾಡಿಯೊಂದು ಆಗಷ್ಟೇ ಹೋಗಿತ್ತು. "ಆ ಗಾಲಿ ಜಾಡು ನೋಡವ್ವಾ. ನಾವು ಸಂಸ್ಕಾರ ಅನ್ನೂದು ಅದಕ್ಕ. ಸಣ್ಣ ಗಾಡಿ ಹ್ವಾದ್ರ ಸಣ್ಣ ಜಾಡು ಬೀಳತೈತಿ. ಬೀಳೂದು ಖರೇನ. ಆದ್ರ ಜಾಡು ಅಂದ್ರ ಗಾಡಿ ಅಲ್ಲ. ಅದನ್ನ ಹಿಡಕೊಂಡು ಕುಂದರಬ್ಯಾಡ. ಒಂದು ಮಳಿ ಬಂದ್ರ ಅದೂ ಹೋಗತೈತಿ."

"ಮಳಿ ಬರೂಮಟಾ ನೋಡ್ತೀನಲ್ರಿ," ಎಂದಳು ಬಾಳವ್ವ.

ಭಂತೆ ಪಾತ್ರೆಯ ಮುಚ್ಚಳ ಹಾಕಿ ತಲೆಬಾಗಿ ಹೋದರು.

ಅವತ್ತಿನಿಂದ ಬಾಳವ್ವನ ಕಣ್ಣು ಎಲ್ಲರ ಮೇಲೂ. ನೀರಿನ ಕಟ್ಟೆಯಲ್ಲಿ, ಸಂತೆಯಲ್ಲಿ, ನನ್ನ ಖಾನಾವಳಿಯ ಬಾಗಿಲಲ್ಲಿ ನಿಂತು ಉಣ್ಣುವವರ ಕೈಯನ್ನೇ ನೋಡುವಳು. ಮೈ ಅರ್ಧ ಆಯಿತು. ಊರಿಗೆ ಕನಿಕರ ತಡೆಯಲಾಗಲಿಲ್ಲ. ಆಗ ನಮ್ಮವರೆಲ್ಲ ಸೇರಿ ಒಂದು ಹುಚ್ಚು ಕೆಲಸ ಮಾಡಿದರು. ಸೇರಿ ಎಂದರೆ ಮಾತಾಡಿಕೊಂಡು ಅಲ್ಲ. ಪ್ರತಿಯೊಬ್ಬನೂ ತನಗೊಬ್ಬನಿಗೇ ಈ ಬುದ್ಧಿ ಹೊಳೆದಿದೆ ಎಂದುಕೊಂಡು.

ಮೊದಲು ಸುಣ್ಣ ಮಾರುವ ಇಮಾಮಸಾಬ. ಬಿಳಿ ಗಡ್ಡದ ಮುದುಕ. ಬಾಳವ್ವನ ಮನೆಯ ಮುಂದೆ ಕಂಡ ನಾಯಿಗೆಲ್ಲ ನಾಲಿಗೆ ಹೊರಹಾಕಿ "ಬೌ ಬೌ" ಎನ್ನತೊಡಗಿದ. ಆಮೇಲೆ ಶಾಲೆಯ ಮಾಸ್ತರರು, ಅಷ್ಟು ದೊಡ್ಡ ಮೀಸೆಯವರು, ಎರಡು ಬೆರಳು ಬಾಯಲ್ಲಿಟ್ಟು ಚೀಪುತ್ತಾ ಅವಳ ಎದುರೇ ಸುಳಿದಾಡಿದರು. ಕೊನೆಗೆ ನನ್ನ ಗಂಡ ಬಸಲಿಂಗಪ್ಪ! ಕುಂಬಳಕಾಯಿಯಂಥ ಹೊಟ್ಟೆ ಹೊತ್ತುಕೊಂಡು ತುದಿಗಾಲಲ್ಲಿ ಓಣಿ ತುಂಬ ನಡೆದ. ಎರಡು ಸಲ ಬಿದ್ದ. ಇವರೆಲ್ಲ ಮಕ್ಕಳು ಏನು ಮಾಡುತ್ತವೆ ಎಂದು ತಮ್ಮಷ್ಟಕ್ಕೆ ಊಹಿಸಿಕೊಂಡಿದ್ದರು, ಅಷ್ಟೇ.

ಬಾಳವ್ವ ಒಬ್ಬೊಬ್ಬರನ್ನೂ ಕರೆದಳು. ಮಣೆ ಹಾಕಿದಳು. ಹೋಳಿಗೆ ಮಾಡಿ ಬಡಿಸಿದಳು. "ಉಣ್ಣೋ ಯಣ್ಣಾ, ನಾಚಬ್ಯಾಡ," ಎಂದು ತುಪ್ಪ ಸುರಿದಳು. ನನ್ನ ಗಂಡ ಮೀಸೆ ಒರೆಸಿಕೊಂಡು ಬಂದು, "ಅಕೀಗೆ ಗೊತ್ತ ಆಗಲಿಲ್ಲ ನೋಡು," ಎಂದು ಹಿಗ್ಗಿದ.

"ಯಾವುದ್ರಾಗ ಬಡಿಸಿದ್ಳು?"

"ಎಲಿಯೊಳಗ. ಯಾಕ?"

"ಬಟ್ಟಲಾ?"

ಅವನ ಮುಖ ಸಣ್ಣದಾಯಿತು. ಬಟ್ಟಲು ಮೂಲೆಯಲ್ಲಿ ಬೋರಲಾಗಿಯೇ ಇತ್ತು. ಇಮಾಮಸಾಬನಿಗೂ ಎಲೆ, ಮಾಸ್ತರರಿಗೂ ಎಲೆ. ಎಲ್ಲ ಗೊತ್ತಿದ್ದೂ ಹೋಳಿಗೆ ತಟ್ಟಿದ್ದಳು ಆ ಹೆಣ್ಣುಮಗಳು. ನಾನು ಗಂಡನನ್ನು ಬೈಯಬೇಕೆಂದು ಬಾಯಿ ತೆರೆದೆ. ಅವನು ಗೋಡೆಗೆ ಮುಖ ಮಾಡಿ ಅಳುತ್ತಿದ್ದ. ಹಾಗಾಗಿ ಬಿಟ್ಟೆ.

ಇಷ್ಟರ ನಡುವೆ ಶಾಸ್ತ್ರಿಗಳು ಸೊರಗುತ್ತಿದ್ದುದನ್ನು ನಾನು ಸರಿಯಾಗಿ ಗಮನಿಸಿರಲಿಲ್ಲ. ಕೆನ್ನೆ ಒಳಹೊಕ್ಕಿತ್ತು, ಜನಿವಾರ ಎಲುಬಿನ ಮೇಲೆ ಜೋತಾಡುತ್ತಿತ್ತು. ಮದುವೆ ಮುಂಜಿಗೆ ಹೋದರೂ ಕೊಟ್ಟ ಹಣ್ಣನ್ನೂ ಬಾಯಿಗಿಡದೆ ಮನೆಗೆ ಹೊರಟುಬಿಡುತ್ತಿದ್ದರು. ಏನೋ ವ್ರತ ಹಿಡಿದಿದ್ದಾರೆ ಎಂದು ಜನ ಕೈಮುಗಿಯುತ್ತಿದ್ದರು. ನನಗೆ ಉಣ್ಣದವರನ್ನು ಕಂಡರೆ ಆಗದು, ಅದು ನನ್ನ ಕಸುಬಿನ ಗುಣ. ಯುಗಾದಿಯ ಹಿಂದಿನ ದಿನ ಮಧ್ಯಾಹ್ನ, ಮಡಿಗೆ ನಡೆಯುವಂಥ ಹಸಿ ಬದನೆಕಾಯಿ ಒಂದಿಷ್ಟು ಉಡಿಯಲ್ಲಿ ಕಟ್ಟಿಕೊಂಡು ಅವರ ಮನೆಗೆ ಹೋದೆ. ಬಾಗಿಲು ಅರ್ಧ ತೆರೆದಿತ್ತು.

ಶಾಸ್ತ್ರಿಗಳು ಎಲೆಯ ಮುಂದೆ ಕೂತಿದ್ದರು. ಎಲೆಯ ಸುತ್ತ ನೀರು ಸುತ್ತಿ ಮಂತ್ರ ಹೇಳಿದರು. ಅನ್ನ ಕಲಸಿ ತುತ್ತು ಮಾಡಿದರು. ಕೈ ಮೇಲೆದ್ದಿತು. ಆದರೆ ಬಾಯಿಗೆ ಹೋಗಲಿಲ್ಲ. ಪಕ್ಕಕ್ಕೆ ಹೋಯಿತು, ಯಾರೋ ಅಲ್ಲಿ ಕೂತಿದ್ದಾರೆ ಎಂಬಂತೆ, ಒಂದು ಮುಖದ ಎತ್ತರಕ್ಕೆ. ಅಲ್ಲೇ ನಿಂತು ಕಾಯಿತು. ಯಾರೂ ಇರಲಿಲ್ಲ. ತುತ್ತು ಜಾರಿ ಎಲೆಗೆ ಬಿತ್ತು. ಇನ್ನೊಮ್ಮೆ ತುತ್ತು ಮಾಡಿದರು, ಎಡಗೈಯಿಂದ ಬಲಗೈಯನ್ನು ಬಿಗಿಹಿಡಿದು ಬಾಯಿಗೆ ತಂದುಕೊಂಡರು. ಬಾಯಿ ತೆರೆಯಲೇ ಇಲ್ಲ. ಕೊನೆಗೆ ಎಲೆ ಸರಿಸಿ, ಪಂಚಪಾತ್ರೆಯಲ್ಲಿದ್ದ ಮಜ್ಜಿಗೆಯನ್ನು ಗಟಗಟ ಕುಡಿದರು.

"ಅಯ್ಯ ಶಿವನ!" ಎಂದುಬಿಟ್ಟೆ.

"ಯಾರದು? ಕಾಶವ್ವಾ? ಊಟದ ಹೊತ್ತಿನ್ಯಾಗ ಯಾಕ ಬಂದಿ?" ಸಿಟ್ಟು ಮಾಡಲು ಹೋದರು, ದನಿಯಲ್ಲಿ ಬಿರುಸಿರಲಿಲ್ಲ.

ನಾನು ಬದನೆಕಾಯಿ ಸುರಿದು ಹೊಸ್ತಿಲ ಮೇಲೇ ಕೂತೆ. "ಎಂದಿನಿಂದ ಹಿಂಗ?"

ಎಲೆಗೆ ಬಿದ್ದ ತುತ್ತನ್ನು ನೋಡುತ್ತಾ ಹೇಳಿದರು: "ಆ ಕೂಸು ಹ್ವಾದ ವಾರದಿಂದ. ಮೊದಲ ತುತ್ತು ಯಾರಾದ್ರೂ ತಗೊಳ್ಳದ ಹೊರತು ನನ್ನ ಬಾಯಿ ತೆರಿಯೂದಿಲ್ಲ. ಆಕಳಿಗೆ ಕೊಟ್ಟು ನೋಡಿದೆ, ಕಾಗಿಗೆ ಇಟ್ಟು ನೋಡಿದೆ, ಅದಕ್ಕ ಒಪ್ಪೂದಿಲ್ಲ. ಮನಷ್ಯಾರ ಬಾಯೇ ಬೇಕು ಇದಕ್ಕ. ಗಂಜಿ, ಮಜ್ಜಿಗಿ ಕುಡದು ಜೀವ ಹಿಡದೀನಿ."

"ಮತ್ತ ಬಾಳವ್ವನ ಕಡೆ ಯಾಕ ಹೋಗಲಿಲ್ಲ? ಬಾಯಾಗ ನಾಲಿಗಿ ಇದ್ದಿಲ್ಲೇನು?"

"ಯಾವ ಮುಖ ಹೊತ್ತು ಹೋಗಲಿ? ಸಣ್ಣ ಕೂಸಿಂದು ಏನೂ ಉಳಿಯೂದಿಲ್ಲ ಅಂತ ಅಕೀ ಅಂಗಳದಾಗ ನಿಂತು ಹೇಳಿದಾಂವ ನಾನ." ತಲೆ ತಗ್ಗಿಸಿದರು. "ಅದೂ ಅಲ್ಲ ಕಾಶವ್ವಾ. ಇದು ಬರೇ ನನ್ನ ರೋಗ ಆಗಿದ್ರ? ಅಕೀ ಆಗಲೇ ಮೂರು ಮಂದಿಗೆ ಹೋಳಿಗಿ ಮಾಡ್ಯಾಳ. ನಾಲ್ಕನೇದಾಂವ ನಾ ಆಗಲೇನು?"

ಕೂಸಿನ ರೂಢಿ ಏನಿತ್ತೆಂದು ನನಗೂ ತಿಳಿಯದು. ಬಾಳವ್ವ ಒಳಗೆ ಕೂತು ಉಣ್ಣಿಸುತ್ತಿದ್ದಳು, ನಾನು ಆ ಹೊತ್ತಿಗೆ ಖಾನಾವಳಿಯಲ್ಲಿ ಗಿರಾಕಿಗಳ ನಡುವೆ. ನಾನು ಹೇಳಿದೆ: "ನಾಳೆ ಯುಗಾದಿ. ಬಟ್ಟಲಾ ಹೊಳಿಗೆ ಹೋಗತೈತಿ. ಆಮ್ಯಾಲೆ ನೀವು ಉಂಡ್ರೂ ಅಷ್ಟ, ಬಿಟ್ರೂ ಅಷ್ಟ." ಅವರು ಎಲೆ ಮಡಿಚತೊಡಗಿದರು. ನನಗೆ ಸಿಟ್ಟು ಬಂದು, ತೊಡೆ ತಟ್ಟಿ ಎದ್ದೆ. ಮುದುಕರು ಬೆಚ್ಚಿ ಗೋಡೆಗೊರಗಿದರು.

ಇಷ್ಟು ಕಂಡೂ ಬಾಳವ್ವನಿಗೆ ಹೇಳಲು ನನಗೆ ಧೈರ್ಯ ಬರಲಿಲ್ಲ. ಬಾಗಿಲವರೆಗೆ ಹೋದೆ. ಅವಳು ಬಟ್ಟಲನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು, ನಾಳೆಗೆಂದು. ಸುಳ್ಳಾದರೆ ಈ ಜೀವ ಉಳಿಯುವುದಿಲ್ಲ ಎನಿಸಿತು. ವಾಪಸು ಬಂದೆ.

ಹಬ್ಬದ ಬೆಳಗ್ಗೆ ಊರೆಲ್ಲ ಹೊಳೆಯ ಮೆಟ್ಟಿಲ ಮೇಲೆ. ಆ ವರ್ಷ ಹೊಳೆಗೆ ಬಿಡಲು ಬಂದದ್ದು ಅದೊಂದೇ ಬಟ್ಟಲು. ಶಾಸ್ತ್ರಿಗಳು ಕೆಳಗಿನ ಮೆಟ್ಟಿಲಲ್ಲಿ ಬೇವುಬೆಲ್ಲದ ತಾಟು ಹಿಡಿದು ನಿಂತಿದ್ದರು. ನಮ್ಮಲ್ಲಿ ಮೊದಲು ಶಾಸ್ತ್ರಿಗಳು ಬೇವುಬೆಲ್ಲ ಬಾಯಿಗೆ ಹಾಕಿಕೊಳ್ಳಬೇಕು, ಆಮೇಲೆ ಊರಿಗೆ ಹಂಚಬೇಕು, ಆಮೇಲೆ ತಟ್ಟೆ ಬಿಡುವುದು. ಹೋದ ವರ್ಷದವರೆಗೂ ಇದು ಕಣ್ಣು ಮಿಟುಕಿಸುವುದರಲ್ಲಿ ಮುಗಿಯುವ ಕೆಲಸ.

ಬಾಳವ್ವ ಅವರ ಎದುರು ಬಂದು ನಿಂತಳು. ಅಂಗೈ ಮೇಲೆ ಬಟ್ಟಲು ಬೋರಲಾಗಿತ್ತು. ಹಿಂದೆ ಫಕೀರಪ್ಪ, ಅವತ್ತು ಮೈಗೆ ಒಂದಿಷ್ಟೂ ಸುಣ್ಣವಿಲ್ಲದೆ, ಬೇರೆ ಯಾರೋ ಎಂಬಂತೆ ಕಾಣುತ್ತಿದ್ದ. ಶಾಸ್ತ್ರಿಗಳು ಮಂತ್ರ ಹೇಳಿದರು. ಚಿಟಿಕೆ ಬೇವುಬೆಲ್ಲ ತೆಗೆದರು. ಕೈ ಎತ್ತಿದರು. ಅವರು ಎಡಗೈಯಲ್ಲಿ ತಾಟು ಹಿಡಿದಿದ್ದರು, ಬಲಗೈಯನ್ನು ಹಿಡಿದು ನಿಲ್ಲಿಸಲು ಬೇರೆ ಕೈ ಇರಲಿಲ್ಲ. ಆ ಕೈ ಊರಿನ ಮುಂದೆ, ಹೊಳೆಯ ಮುಂದೆ, ನೆಟ್ಟಗೆ ಬಾಳವ್ವನ ಬಾಯಿಯ ಮುಂದೆ ಹೋಗಿ ನಿಂತಿತು.

ಶಾಸ್ತ್ರಿಗಳ ತುಟಿ ಅಲುಗಿತು. ಬೆಳಗಾಗೆದ್ದರೆ ಸಂಸ್ಕೃತವನ್ನೇ ನುಡಿಯುವ ಆ ಬಾಯಿಂದ, "ಆಂ ಮಾಡು," ಎಂದು ಬಂತು. "ಆಂ ಮಾಡು, ಆಂ."

ಬಾಳವ್ವ ಕಣ್ಣು ಅಗಲಿಸಿ ಅವರ ಕೈ ನೋಡಿದಳು, ಮುಖ ನೋಡಿದಳು. ಆಮೇಲೆ ಬಾಯಿ ತೆರೆದಳು. ಆ ಬೇವುಬೆಲ್ಲವನ್ನು ಅಗಿಯುತ್ತಾ ನಿಂತವಳ ಕಣ್ಣಿಂದ ನೀರು ಧಾರಾಕಾರ. ಅವಳು ನುಂಗಿದ್ದನ್ನು ಕಂಡ ಮೇಲೆ ಶಾಸ್ತ್ರಿಗಳ ಕೈ ತಾಟಿಗೆ ಬಂತು, ಇನ್ನೊಂದು ಚಿಟಿಕೆ ತೆಗೆಯಿತು, ಅವರ ಬಾಯಿಗೆ ತಾನೇ ಹೋಯಿತು. ಎಷ್ಟೋ ದಿನಗಳ ಮೇಲೆ ಹಲ್ಲಿಗೆ ಸಿಕ್ಕಿದ್ದನ್ನು ಅವರು ಕಹಿ ಸಿಹಿ ನೋಡದೆ ಅಗಿದರು.

"ಇದ ರೀ!" ಎಂದು ಬಾಳವ್ವ ಗಂಡನ ಕಡೆ ತಿರುಗಿ ಕೂಗಿದಳು. "ಇದ ನೋಡ್ರಿ! ನನಗ ಮೊದಲ ತುತ್ತು ಕೊಡದ ಉಣ್ಣತಿತ್ತೇನು ಅದು? ಆಂ ಮಾಡು, ಆಂ ಮಾಡು ಅಂತ ಜೀವಾ ತಿಂತಿತ್ತು!" ಫಕೀರಪ್ಪ ಮೆಟ್ಟಿಲ ಮೇಲೇ ಕುಸಿದು ಕೂತ. ಬಾಳವ್ವ ಅಂಗೈ ಮೇಲಿನ ಬಟ್ಟಲನ್ನು ತಿರುಗಿಸಿ ಮೇಲಾಗಿಸಿದಳು. ಯಂಕವ್ವ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಎರಡು ಬಳೆ ಒಡೆದವು.

ಮಧ್ಯಾಹ್ನ ಬಾಳವ್ವನ ಮನೆಯಲ್ಲಿ ಮಣೆ ಹಾಕಿತ್ತು. ಓಣಿಯವರೆಲ್ಲ ಬಾಗಿಲಲ್ಲಿ, ಕಿಟಕಿಯಲ್ಲಿ. ಭಂತೆ ಮಧ್ಯಾಹ್ನದ ಮೇಲೆ ಉಣ್ಣುವವರಲ್ಲ, ಆದರೂ ಬಂದು ಕಂಬಕ್ಕೆ ಒರಗಿ ನಿಂತಿದ್ದರು. ನನ್ನ ಗಂಡ, ಮಾಸ್ತರರು, ಇಮಾಮಸಾಬ ಮೂವರೂ ಹಿಂದೆ ಮರೆಯಲ್ಲಿದ್ದರು; ಬಾಳವ್ವ ಅವರನ್ನೂ ಕರೆದು ಮುಂದೆ ಕೂರಿಸಿದಳು. ಶಾಸ್ತ್ರಿಗಳು ಬಂದರು. ಅವರ ಮನೆಯ ಹೊರಗೆ ಅವರು ಉಣ್ಣಲು ಕೂತದ್ದನ್ನು ಊರು ಕಂಡದ್ದು ಅವರ ಹೆಂಡತಿ ತೀರಿಕೊಂಡ ಮೇಲೆ ಅದೇ ಮೊದಲು. ಎಲೆಯ ಮೇಲೆ ಆರೆಂಟು ನೆರಳುಗಳು ಬಿದ್ದಿದ್ದವು, ಅವರು ಏಳಲಿಲ್ಲ. ಅವತ್ತಿನ ಮೊದಲ ತುತ್ತು ಬೆಳಗ್ಗೆಯೇ ಬಾಳವ್ವನಿಗೆ ಸಂದಿತ್ತು.

ಬಾಳವ್ವ ಬಟ್ಟಲಿನ ತುಂಬ ಪಾಯಸ ಬಡಿಸಿ ಅವರ ಮುಂದಿಟ್ಟಳು. ಶಾಸ್ತ್ರಿಗಳು ಬಟ್ಟಲನ್ನು ನೋಡುತ್ತಾ ಕೂತರು. ಕೈ ಹಾಕಲಿಲ್ಲ.

"ಬಾಳವ್ವಾ," ಎಂದರು, "ಇದ ಬಟ್ಟಲಲ್ಲೇನು ಅವತ್ತಿಂದು? ಅನ್ನಪ್ರಾಶನದ್ದು?"

"ಹೌದರಿ."

"ಇದರಾಗಿಂದ ನಾ ಅದಕ್ಕ ಮೊದಲ ತುತ್ತು ಕೊಟ್ಟೆ. ಅದು ತಿರುಗಿ ನನಗ ಕೊಡಲಿಕ್ಕೆ ಬಂತು. ಎಷ್ಟು ಹೊತ್ತು ಕೈ ಚಾಚಿಕೊಂಡು ಕೂತಿತ್ತು. ನಾ ಬಾಯಿ ತೆಗೀಲಿಲ್ಲ. ಎಂಜಲು ಅಂತ ಓಡಿಹ್ವಾದೆ." ಬಟ್ಟಲಿನಿಂದ ಕಣ್ಣೆತ್ತಿ ಬಾಳವ್ವನನ್ನು ನೋಡಿದರು. "ನಾ ತಗೊಳ್ಳಲಿಲ್ಲ ಅಂತನೇ ಅದು ದಿನಾ ನಿನಗ ಕೊಟ್ಟಿತೋ ಏನೋ. ನಾ ಏನೂ ಉಳಿಯೂದಿಲ್ಲ ಅಂದೆ. ತಪ್ಪಾತು ತಾಯಿ."

ಬಾಳವ್ವ ಅವರ ಎದುರು ಮೊಣಕಾಲೂರಿ ಕೂತಳು. ಬಟ್ಟಲಿಗೆ ತಾನೇ ಕೈ ಹಾಕಿ, ಪಾಯಸವನ್ನು ಮುಷ್ಟಿಯಲ್ಲಿ ತೆಗೆದಳು. ತುಪ್ಪ ಅವಳ ಮೊಣಕೈವರೆಗೆ ಹರಿಯಿತು.

"ಈಗ ತಗೀರಿ," ಎಂದಳು.

ನರಹರಿ ಶಾಸ್ತ್ರಿಗಳು ಕಣ್ಣು ಮುಚ್ಚಿ ಬಾಯಿ ತೆರೆದರು. ಬಾಳವ್ವ ಇಟ್ಟಳು. ಗಲ್ಲದ ಮೇಲೆ ಸುರಿದದ್ದನ್ನು ಒರೆಸಿಕೊಳ್ಳಲೂ ಇಲ್ಲ ಅವರು. ನಿಧಾನವಾಗಿ ನುಂಗಿ, ಕಣ್ಣು ತೆರೆದು, "ಇನ್ನೊಂದು ತುತ್ತು," ಎಂದರು.